ಬಾಡಿಗೆ ಕಾರಿಗೆ ಪೆಟ್ಟಾದರೆ ಪ್ರವಾಸ ವಿಮೆ ಹಣ ಕೊಡುತ್ತದೆಯೇ? ಪಾಲಿಸಿ ಓದುವ, ಕಾರು ಪಡೆಯುವ, ಕ್ಲೇಮು ಮಾಡುವ ಕ್ರಮ

ಮೈಸೂರಿನಲ್ಲಿ ಸಾಮಾನ್ಯ ವಿಮೆಯ ಏಜೆಂಟನಾಗಿರುವ ನನ್ನ ಬಳಿಗೆ ಬೇಸಿಗೆ ರಜೆಯ ಹೊತ್ತಿಗೆ ಪ್ರವಾಸ ವಿಮೆ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಅಮೆರಿಕ, ಆಸ್ಟ್ರೇಲಿಯ ಅಥವಾ ದುಬೈಯಲ್ಲಿರುವ ಮಕ್ಕಳ ಮನೆಗೆ ಹೊರಟವರು. ಆಸ್ಪತ್ರೆಯ ಖರ್ಚು, ಕಳೆದುಹೋದ ಸೂಟ್‌ಕೇಸು, ರದ್ದಾದ ವಿಮಾನ ಇವನ್ನೆಲ್ಲ ವಿಚಾರಿಸಿಕೊಂಡು ಎದ್ದು ಹೊರಡುವ ಮುನ್ನ ಅವರಲ್ಲಿ ಅನೇಕರು ಕೇಳುವ ಮಾತು ಒಂದೇ: “ಅಲ್ಲಿ ಕಾರು ಬಾಡಿಗೆಗೆ ತಗೊಂಡು ಓಡಾಡ್ತೀವಿ ಸಾರ್, ಅದಕ್ಕೇನಾದರೂ ಆದ್ರೆ ಇದ್ರಲ್ಲೇ ಬರುತ್ತಲ್ವಾ?”

ಇದಕ್ಕೆ ನಾನು ಕೊಡುವ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಬರುವುದಿಲ್ಲ. ಪ್ರವಾಸ ವಿಮೆ ಪ್ರಯಾಣ ಮಾಡುವ ಮನುಷ್ಯನಿಗೆ ಸೇರಿದ್ದೇ ಹೊರತು ಅವನು ಓಡಿಸುವ ವಾಹನಕ್ಕೆ ಸೇರಿದ್ದಲ್ಲ. ಕೆಲವು ಪಾಲಿಸಿಗಳಲ್ಲಿ ಬಾಡಿಗೆ ಕಾರಿನ ಎಕ್ಸೆಸ್ ಎಂಬ ಒಂದು ವಿಭಾಗ ಇರುತ್ತದೆ. ಆ ವಿಭಾಗ ಇದ್ದಾಗಲೂ ಅದು ಕಾರಿನ ಇಡೀ ರಿಪೇರಿ ಖರ್ಚನ್ನು ಕೊಡುವುದಿಲ್ಲ, ಕಾರಿನ ಸ್ವಂತ ಮೋಟಾರು ವಿಮೆ ತನ್ನ ಪಾಲನ್ನು ಕೊಟ್ಟ ಮೇಲೆ ಬಾಡಿಗೆದಾರನ ತಲೆಯ ಮೇಲೆ ಉಳಿಯುವ ನಿಗದಿತ ಮೊತ್ತವನ್ನು ಮಾತ್ರ ಕೊಡುತ್ತದೆ. ಮಂಡ್ಯದ ಕಡೆಯವರಿಗೆ ನಾನು ಇದನ್ನು ನಾಲೆಯ ಲೆಕ್ಕದಲ್ಲಿ ಹೇಳುತ್ತೇನೆ: ಕೃಷ್ಣರಾಜಸಾಗರದಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಿದ್ದರೆ ತಾನೆ ಕೊನೆಯ ಗದ್ದೆಯ ತೂಬಿಗೆ ನೀರು ಬರುವುದು? ಇಲ್ಲಿ ಮೋಟಾರು ವಿಮೆಯೇ ನಾಲೆ, ಪ್ರವಾಸ ವಿಮೆ ಕೊನೆಯ ತೂಬು.

ನಮ್ಮ ಮನೆಯಲ್ಲಿ ನಡೆದದ್ದು

ನನ್ನ ಅಕ್ಕನ ಮಗ ಮೆಲ್ಬರ್ನ್‌ನಲ್ಲಿ ಕೆಲಸದಲ್ಲಿದ್ದಾನೆ. ಎರಡು ವರ್ಷದ ಹಿಂದೆ ಸಂಕ್ರಾಂತಿಗೆಂದು ಊರಿಗೆ ಬಂದವನು ಅಲ್ಲಿಯೇ ಪ್ರವಾಸ ವಿಮೆ ಮಾಡಿಸಿಕೊಂಡು ಬಂದಿದ್ದ. ಅದರಲ್ಲಿ ಬಾಡಿಗೆ ಕಾರಿನ ಎಕ್ಸೆಸ್ ವಿಭಾಗವೂ ಇತ್ತು. ಅವನ ಭಾರತದ ಡ್ರೈವಿಂಗ್ ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿತ್ತು. ಮೈಸೂರಿನಲ್ಲಿ ಪರಿಚಯದವರು ಹೇಳಿದ ಒಬ್ಬರಿಂದ ಹತ್ತು ದಿನಕ್ಕೆ ಕಾರು ತೆಗೆದುಕೊಂಡು, 20,000 ರೂಪಾಯಿ ಠೇವಣಿ ಕೊಟ್ಟು, ನೆಂಟರ ಮನೆಗಳಿಗೆ ಓಡಾಡಿಕೊಂಡಿದ್ದ.

ಒಂದು ಸಂಜೆ ಪಾಂಡವಪುರದಿಂದ ಹಿಂದಿರುಗುವಾಗ ಎರಡು ಟ್ರೇಲರಿನ ತುಂಬ ಕಬ್ಬು ಹೇರಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರೊಂದು ತಿರುವಿನಲ್ಲಿ ಎದುರಾಯಿತು. ಆ ಹೇರಿನಿಂದ ಕಬ್ಬಿನ ಜಲ್ಲೆಗಳು ಎರಡೂ ಕಡೆ ಮಾರುದ್ದ ಚಾಚಿಕೊಂಡಿರುತ್ತವೆ ಎಂಬುದು ಈ ರಸ್ತೆಗಳಲ್ಲಿ ಓಡಾಡಿದ ಎಲ್ಲರಿಗೂ ಗೊತ್ತು. ಟ್ರ್ಯಾಕ್ಟರು ತಿರುಗಿದ ಹಾಗೆ ಹಿಂದಿನ ಟ್ರೇಲರಿನ ಜಲ್ಲೆಯ ತುದಿಗಳು ಕಾರಿನ ಬಲಗಡೆಯ ಮುಂಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಎಳೆದುಕೊಂಡು ಹೋದವು. ಬಣ್ಣದ ಮೇಲೆ ಉದ್ದಕ್ಕೂ ಮೂರು ಗೀರುಗಳು ಮೂಡಿದವು, ಕನ್ನಡಿಯ ಪ್ಲಾಸ್ಟಿಕ್ ಕವಚ ಒಡೆದು ನೇತಾಡುತ್ತಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಟ್ರ್ಯಾಕ್ಟರಿನವನು ಇಳಿದು ಬಂದು ಕೈಮುಗಿದು, ಕಾರ್ಖಾನೆಯಲ್ಲಿ ಸರದಿ ತಪ್ಪುತ್ತದೆ ಎಂದು ಹೇಳಿ ಹೊರಟುಹೋದ. ಅಳಿಯ ಮನೆಗೆ ಬಂದು, “ನೀವು ಯೋಚನೆ ಮಾಡಬೇಡಿ ಮಾವ, ನನ್ನ ಇನ್ಶೂರೆನ್ಸ್‌ನಲ್ಲಿ ಇದೆ” ಎಂದ.

ಕಾರಿನವರು ಬಿಲ್ಲು ಕೊಡದೆ ಠೇವಣಿಯಲ್ಲಿ 18,000 ರೂಪಾಯಿ ಹಿಡಿದುಕೊಂಡರು. ಮೆಲ್ಬರ್ನ್‌ಗೆ ಹೋಗಿ ಅವನು ಕ್ಲೇಮು ಹಾಕಿದಾಗ ವಿಮಾ ಕಂಪನಿ ಎಕ್ಸೆಸ್ ಮೊತ್ತವನ್ನು ನಮೂದಿಸಿದ ಬಾಡಿಗೆ ಕರಾರು, ಆ ಕಾರಿನ ಮೋಟಾರು ಪಾಲಿಸಿ, ರಿಪೇರಿಯ ಬಿಲ್ಲು ಮತ್ತು ಘಟನೆಯ ವರದಿಯನ್ನು ಕೇಳಿತು. ಅವನ ಕೈಯಲ್ಲಿ ಇದ್ದದ್ದು ಅರ್ಧ ಪುಟದ ಒಂದು ಅಚ್ಚಿನ ಹಾಳೆ ಮಾತ್ರ. ಅದರಲ್ಲಿ “ಕಾರಿಗೆ ಆಗುವ ಎಲ್ಲ ಹಾನಿಗೂ ಬಾಡಿಗೆಗೆ ಪಡೆದವರೇ ಹೊಣೆ” ಎಂದಷ್ಟೇ ಇತ್ತು. ಅದರ ಮೇಲೆ ಆ ಕಾರು ಬಿಳಿ ಬೋರ್ಡಿನ ಖಾಸಗಿ ಕಾರು. ಕ್ಲೇಮು ತಿರಸ್ಕೃತವಾಯಿತು. ಅವನ ಪಾಲಿಸಿಯನ್ನು ತರಿಸಿಕೊಂಡು ಸಾಲು ಸಾಲಾಗಿ ಓದಿದೆ. ತಿರಸ್ಕಾರದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಕಾರು ಮನೆಯ ಮುಂದೆ ಬಂದು ನಿಂತ ದಿನ ಅದರ ನಂಬರ್ ಪ್ಲೇಟನ್ನು ನಾನೂ ನೋಡಿದ್ದೆ. ಆ ಹೊತ್ತಿನಲ್ಲೇ ಹೇಳಬೇಕಿತ್ತು ಎಂಬ ನೋವು ಈಗಲೂ ಇದೆ, ಈ ಬರಹಕ್ಕೆ ಅದೇ ಕಾರಣ.

ಮೊದಲು ನಂಬರ್ ಪ್ಲೇಟು ನೋಡಿ

ನಮ್ಮ ದೇಶದಲ್ಲಿ ಚಾಲಕನಿಲ್ಲದೆ ಕಾರನ್ನು ಬಾಡಿಗೆಗೆ ಕೊಡುವುದಕ್ಕೆ 1989ರ ರೆಂಟ್-ಎ-ಕ್ಯಾಬ್ ಯೋಜನೆಯ ಅಡಿಯಲ್ಲಿ ಪರವಾನಗಿ ಬೇಕು. ಹಾಗೆ ನೋಂದಣಿಯಾದ ಕಾರಿನ ಪ್ಲೇಟು ಕಪ್ಪಗಿದ್ದು ಅದರ ಮೇಲೆ ಹಳದಿ ಅಕ್ಷರಗಳಿರುತ್ತವೆ. ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಚಾಲಕನೊಡನೆ ಬರುವ ಟ್ಯಾಕ್ಸಿ. ಬಿಳಿ ಪ್ಲೇಟಿನ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಖಾಸಗಿ ಬಳಕೆಯ ಕಾರು, ಕೆಎ 09 ಆಗಲಿ, ಕೆಎ 55 ಆಗಲಿ, ಮಂಡ್ಯದ ಕೆಎ 11 ಆಗಲಿ.

ಈ ಬಣ್ಣಕ್ಕೆ ಇಷ್ಟು ಮಹತ್ವ ಏಕೆಂದರೆ, ಖಾಸಗಿ ಕಾರಿನ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಒಂದು ಸಾಲು ತಪ್ಪದೆ ಇರುತ್ತದೆ. ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಬಳಸಿದರೆ, ಸರಕು ಸಾಗಿಸಿದರೆ, ಪಂದ್ಯಕ್ಕೆ ಓಡಿಸಿದರೆ ಈ ಪಾಲಿಸಿ ಅನ್ವಯಿಸುವುದಿಲ್ಲ ಎಂಬುದು ಆ ಸಾಲಿನ ಅರ್ಥ. ಪರಿಚಯದವರ ಬಿಳಿ ಬೋರ್ಡಿನ ಕಾರನ್ನು ದಿನಕ್ಕೆ ಇಷ್ಟು ಎಂದು ಹಣ ಕೊಟ್ಟು ಪಡೆದ ಕ್ಷಣದಲ್ಲೇ, ಆ ಕಾರಿಗೆ ಆಗುವ ಹಾನಿಯ ಕ್ಲೇಮನ್ನು ತಿರಸ್ಕರಿಸುವ ಅಧಿಕಾರವನ್ನು ನಾವು ವಿಮಾ ಕಂಪನಿಯ ಕೈಗೆ ಕೊಟ್ಟಂತಾಗುತ್ತದೆ. ಮಾಲೀಕರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಆದ್ದರಿಂದಲೇ ಅವರು ವಿಮೆಯ ತಂಟೆಗೇ ಹೋಗದೆ ಠೇವಣಿಯಲ್ಲೇ ವಸೂಲು ಮಾಡಿಕೊಳ್ಳುತ್ತಾರೆ. ಪರವಾನಗಿ ಇರುವವರು ಕೂಡ ಸಣ್ಣ ಗೀರಿಗೆ ಕ್ಲೇಮು ಹಾಕಲು ಹಿಂಜರಿಯುವುದುಂಟು, ಏಕೆಂದರೆ ಒಂದು ಕ್ಲೇಮು ಹಾಕಿದರೆ ಮುಂದಿನ ನವೀಕರಣದಲ್ಲಿ ಅವರ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಖಾಸಗಿ ಕಾರಿನ ಲೆಕ್ಕದಲ್ಲಿ ಹೇಳುವುದಾದರೆ ಮೊದಲ ವರ್ಷಕ್ಕೆ 20 ಶೇಕಡಾದಿಂದ ಆರಂಭವಾಗಿ ಐದು ವರ್ಷಕ್ಕೆ 50 ಶೇಕಡಾವರೆಗೆ ಏರುವ ರಿಯಾಯಿತಿ ಅದು.

ಪ್ಲೇಟು ಸರಿಯಿದ್ದರೆ ಮುಂದೆ ಆರ್‌ಸಿ ಮತ್ತು ಪಾಲಿಸಿಯ ಪ್ರತಿಯನ್ನು ಕೇಳಿ. ಪಾಲಿಸಿಯಲ್ಲಿ ನೋಡಬೇಕಾದದ್ದು ಹೆಚ್ಚೇನಿಲ್ಲ: ಅವಧಿ ಮುಗಿದಿಲ್ಲವೇ, ಅದು ಬರೀ ಥರ್ಡ್ ಪಾರ್ಟಿ ಪಾಲಿಸಿಯೋ ಅಥವಾ ಕಾರಿನ ಸ್ವಂತ ಹಾನಿಯೂ ಸೇರಿದ ಪ್ಯಾಕೇಜ್ ಪಾಲಿಸಿಯೋ, ಬಾಡಿಗೆದಾರನೇ ಓಡಿಸುವ ವಾಹನ ಎಂಬ ಒಪ್ಪಿಗೆ ಅದರಲ್ಲಿ ಇದೆಯೇ ಎಂಬುದನ್ನು ನೋಡಿದರೆ ಸಾಕು. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ಅದು ನಾವು ಬೇರೆಯವರಿಗೆ ಮಾಡಿದ ಹಾನಿಗೆ, ನಾವು ಕುಳಿತ ಕಾರಿಗೆ ಅಲ್ಲ. ಕಾಯ್ದೆ ಕೇಳುವಷ್ಟು ವಿಮೆ ಇರುವ ಕಾರನ್ನೇ ಪಡೆದರೂ ಬಂಪರಿನ ಖರ್ಚು ಪೂರ್ತಿ ನಮ್ಮ ಮೇಲೆ ಬೀಳಬಹುದು ಎಂಬುದನ್ನು ಅನೇಕರು ತಿಳಿದಿರುವುದಿಲ್ಲ.

ಎಕ್ಸೆಸ್ ಎಂದರೆ ಏನು, ಅದು ಎಷ್ಟು

ಪ್ಯಾಕೇಜ್ ಪಾಲಿಸಿ ಇದ್ದರೂ ಪ್ರತಿ ಕ್ಲೇಮಿನಲ್ಲಿ ಮೊದಲ ಒಂದು ಮೊತ್ತವನ್ನು ವಿಮಾ ಕಂಪನಿ ಕೊಡುವುದಿಲ್ಲ. ನಮ್ಮಲ್ಲಿ 1500 ಸಿಸಿವರೆಗಿನ ಖಾಸಗಿ ಕಾರಿಗೆ ಈ ಕಡ್ಡಾಯ ಕಡಿತ 1,000 ರೂಪಾಯಿ, ಅದಕ್ಕೂ ದೊಡ್ಡ ಎಂಜಿನ್ನಿಗೆ 2,000 ರೂಪಾಯಿ. ಇದಲ್ಲದೆ ಸವಕಳಿಯ ಕಡಿತ ಬೇರೆ ಇದೆ: ರಬ್ಬರು, ನೈಲಾನ್, ಪ್ಲಾಸ್ಟಿಕ್ ಭಾಗಗಳು, ಟೈರು, ಬ್ಯಾಟರಿ ಇವುಗಳ ಬೆಲೆಯಲ್ಲಿ ಅರ್ಧ, ಫೈಬರ್ ಗ್ಲಾಸಿನ ಭಾಗಗಳಲ್ಲಿ 30 ಶೇಕಡಾ, ಗಾಜಿಗೆ ಮಾತ್ರ ಕಡಿತವಿಲ್ಲ. ಈಗಿನ ಕಾರುಗಳ ಬಂಪರೆಲ್ಲ ಪ್ಲಾಸ್ಟಿಕ್ಕಿನದೇ ಆದ್ದರಿಂದ, ಝೀರೋ ಡೆಪ್ರಿಸಿಯೇಷನ್ ಎಂಬ, ಸವಕಳಿ ಕಡಿಯದ ಹೆಚ್ಚುವರಿ ಕವರನ್ನು ಸೇರಿಸಿಕೊಳ್ಳದ ಪಾಲಿಸಿಯಲ್ಲಿ ಬಂಪರು ಬದಲಿಸಿದರೆ ಅರ್ಧ ದುಡ್ಡು ಕೈಯಿಂದಲೇ ಹೋಗುತ್ತದೆ. ಸೆಲ್ಫ್ ಡ್ರೈವ್ ಸಂಸ್ಥೆಗಳು ಇವನ್ನೆಲ್ಲ ಒಟ್ಟುಗೂಡಿಸಿ, ಹಾನಿಯಾದರೆ ಬಾಡಿಗೆದಾರ ಗರಿಷ್ಠ ಇಷ್ಟು ಕೊಡಬೇಕು ಎಂಬ ಒಂದು ಅಂಕಿಯನ್ನು ಕರಾರಿನಲ್ಲಿ ಬರೆಯುತ್ತವೆ. ಕಾರು ಕಾಯ್ದಿರಿಸುವಾಗ ಸ್ವಲ್ಪ ಹೆಚ್ಚು ಹಣ ಕೊಟ್ಟರೆ ಆ ಅಂಕಿಯನ್ನು ಇಳಿಸುವ ಆಯ್ಕೆಯನ್ನೂ ಕೊಡುವವರಿದ್ದಾರೆ.

ಆ ಅಂಕಿ ಕರಾರಿನಲ್ಲಿ ಅಕ್ಷರಶಃ ಇರಬೇಕು. ಪ್ರವಾಸ ವಿಮೆಯ ಬಾಡಿಗೆ ಕಾರಿನ ವಿಭಾಗ ಹಣ ಕೊಡುವುದು ಆ ಅಂಕಿಗೆ, ಇಲ್ಲವೇ ರಿಪೇರಿಯ ನಿಜವಾದ ಖರ್ಚಿಗೆ, ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ. ನಮ್ಮ ಹುಡುಗನ ಕಾಗದದಲ್ಲಿ ಆ ಅಂಕಿಯೇ ಇರಲಿಲ್ಲ. ಎಕ್ಸೆಸ್ ಇಲ್ಲದ ಮೇಲೆ ಎಕ್ಸೆಸ್ ಕವರಿಗೆ ಕೊಡಲು ಏನೂ ಉಳಿಯುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ಹೇಳಬೇಕು. ರೈಲು ಟಿಕೆಟ್ಟು ತೆಗೆಯುವಾಗ ಐಆರ್‌ಸಿಟಿಸಿಯಲ್ಲಿ ಒಂದು ರೂಪಾಯಿಗೂ ಕಡಿಮೆ ಹಣಕ್ಕೆ ಸಿಗುವ ಪ್ರಯಾಣ ವಿಮೆ ರೈಲು ಅಪಘಾತದಲ್ಲಿ ಸಾವು, ಅಂಗವೈಕಲ್ಯ, ಆಸ್ಪತ್ರೆ ವೆಚ್ಚ ಇಷ್ಟಕ್ಕೆ ಸೀಮಿತ. ಸಾವಿಗೆ 10 ಲಕ್ಷ, ಆಸ್ಪತ್ರೆಗೆ 2 ಲಕ್ಷ. ರೈಲಿಳಿದು ಪಡೆದ ಬಾಡಿಗೆ ಕಾರಿಗೂ ಅದಕ್ಕೂ ಸಂಬಂಧವಿಲ್ಲ. ಹಾಗೆಯೇ ಮನೆಯ ಶೆಡ್ಡಿನಲ್ಲಿರುವ ನಮ್ಮ ಸ್ವಂತ ಕಾರಿನ ಪಾಲಿಸಿ ಆ ಕಾರಿನ ಎಂಜಿನ್ ಮತ್ತು ಚಾಸಿ ನಂಬರಿಗೆ ಕಟ್ಟಿಹಾಕಿದ್ದು. ಅದನ್ನು ಬಾಡಿಗೆ ಕಾರಿಗೆ ಹಿಗ್ಗಿಸಲು ಬರುವುದಿಲ್ಲ. ಕಾರಿನ ಪಾಲಿಸಿಯಲ್ಲಿ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಕೂಡ ಮಾಲೀಕನೇ ಚಾಲಕನಾಗಿದ್ದಾಗ ಮಾತ್ರ ಸಿಗುವಂಥದ್ದು. ಬಾಡಿಗೆ ಕಾರು ಓಡಿಸುವವರು ತಮ್ಮ ಜೀವಕ್ಕೆ ಪ್ರತ್ಯೇಕ ಅಪಘಾತ ಪಾಲಿಸಿ ಇಟ್ಟುಕೊಳ್ಳಬೇಕು. ಕಾರಿನ ಗೀರಿಗಿಂತ ನನಗೆ ಹೆಚ್ಚು ಚಿಂತೆಯಾಗುವುದು ಈ ವಿಷಯದಲ್ಲಿ.

ಪ್ರವಾಸ ಪಾಲಿಸಿಯನ್ನು ಓದುವ ಬಗೆ

ಪಾಲಿಸಿಯ ಮೊದಲ ಪುಟಗಳಲ್ಲಿ ಸೌಲಭ್ಯಗಳ ಪಟ್ಟಿ ಇರುತ್ತದೆ. ಅದರಲ್ಲಿ ಬಾಡಿಗೆ ವಾಹನದ ಎಕ್ಸೆಸ್, ರೆಂಟಲ್ ಕಾರ್ ಅಥವಾ ಕಾರ್ ಹೈರ್ ಎಂಬ ಶಬ್ದಗಳನ್ನು ಹುಡುಕಿ. ಇಲ್ಲವಾದರೆ ಅಲ್ಲಿಗೇ ಮುಗಿಯಿತು, ಆ ಪಾಲಿಸಿಯಿಂದ ಕಾರಿನ ಹಾನಿಗೆ ಏನೂ ಬರುವುದಿಲ್ಲ. ಕೆಲವರು ಪಟ್ಟಿಯಲ್ಲಿ ವೈಯಕ್ತಿಕ ಹೊಣೆ ಎಂಬ ಸಾಲನ್ನೂ, ಅದರ ಮುಂದಿನ ದೊಡ್ಡ ಡಾಲರ್ ಮೊತ್ತವನ್ನೂ ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಅದೇ ಪಾಲಿಸಿಯ ಒಳಪುಟದಲ್ಲಿ, ಮೋಟಾರು ವಾಹನದ ಬಳಕೆಯಿಂದ ಬರುವ ಹೊಣೆಗೆ ಈ ವಿಭಾಗ ಅನ್ವಯಿಸದು ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ಆ ಸಾಲು ಹೋಟೆಲಿನ ಟಿವಿಯನ್ನು ಬೀಳಿಸಿ ಒಡೆದಂಥ ಪ್ರಸಂಗಗಳಿಗೆ. ಷೆಂಗೆನ್ ವೀಸಾಕ್ಕೆಂದು ಕಡ್ಡಾಯವಾಗಿ ಮಾಡಿಸುವ ಕನಿಷ್ಠ 30,000 ಯೂರೋಗಳ ವಿಮೆಯೂ ವೈದ್ಯಕೀಯ ವೆಚ್ಚದ್ದೇ. ಯೂರೋಪಿನಲ್ಲಿ ಕಾರು ಓಡಿಸುವವರು ಅದನ್ನು ನೆಚ್ಚಿಕೊಳ್ಳಬಾರದು.

ವಿಭಾಗ ಇದ್ದರೆ ಅದರ ಮುಂದಿನ ಮೊತ್ತವನ್ನು ಓದಿ, ನಂತರ ಹಿಂದಿನ ಪುಟಗಳಿಗೆ ಹೋಗಿ ಷರತ್ತುಗಳನ್ನು ಓದಿ. ಪರವಾನಗಿ ಇರುವ ಬಾಡಿಗೆ ಸಂಸ್ಥೆಯಿಂದಲೇ ಕಾರು ಪಡೆದಿರಬೇಕು, ಆ ಕಾರಿಗೆ ಸಮಗ್ರ ವಿಮೆ ಇರಬೇಕು, ಓಡಿಸಿದವರ ಹೆಸರು ಕರಾರಿನಲ್ಲಿ ಚಾಲಕರೆಂದು ನಮೂದಾಗಿರಬೇಕು, ಬಾಡಿಗೆ ಕರಾರಿನ ಯಾವ ಷರತ್ತನ್ನೂ ಮುರಿದಿರಬಾರದು ಎಂಬವು ಸಾಮಾನ್ಯವಾಗಿ ಅಲ್ಲಿ ಕಾಣುತ್ತವೆ. ಚಾಲಕರ ಹೆಸರಿನ ಷರತ್ತು ಕುಟುಂಬಗಳನ್ನು ಕಷ್ಟಕ್ಕೆ ಸಿಲುಕಿಸುವಷ್ಟು ಮತ್ತಾವುದೂ ಸಿಲುಕಿಸುವುದಿಲ್ಲ. ಅಣ್ಣನ ಹೆಸರಿನಲ್ಲಿ ಕಾರು ಪಡೆದು, ದಾರಿಯಲ್ಲಿ ಅವನಿಗೆ ನಿದ್ದೆ ಬಂತೆಂದು ತಮ್ಮ ಸ್ಟಿಯರಿಂಗ್ ಹಿಡಿದರೆ, ತಮ್ಮ ಎಷ್ಟೇ ಒಳ್ಳೆಯ ಚಾಲಕನಾಗಿರಲಿ, ಮೋಟಾರು ವಿಮೆ, ಕರಾರಿನಲ್ಲಿ ಬರೆದ ಗರಿಷ್ಠ ಮೊತ್ತದ ಮಿತಿ, ಪ್ರವಾಸ ವಿಮೆ ಮೂರೂ ಒಟ್ಟಿಗೆ ಕೈತಪ್ಪಬಹುದು. ಓಡಿಸುವ ಸಾಧ್ಯತೆ ಇರುವ ಎಲ್ಲರ ಹೆಸರನ್ನೂ ಮೊದಲೇ ಸೇರಿಸಿ. ಅದಕ್ಕೆ ಶುಲ್ಕವಿದ್ದರೂ ಕೊಡಿ.

ಕರಾರಿನ ಷರತ್ತು ಎಂದಾಗ ನಮ್ಮ ಭಾಗದವರು ಗಮನಿಸಬೇಕಾದದ್ದು ರಾಜ್ಯದ ಗಡಿ. ಮೈಸೂರಿನಿಂದ ಕಾರು ಪಡೆದವರು ಗುಂಡ್ಲುಪೇಟೆ ದಾಟಿ ಊಟಿಗೋ ವಯನಾಡಿಗೋ ಹೋಗುವುದು ಸಹಜ, ಆದರೆ ಹೊರ ರಾಜ್ಯಕ್ಕೆ ಒಯ್ಯುವುದಾದರೆ ಬಾಡಿಗೆಯವರ ಒಪ್ಪಿಗೆಯೂ ಆ ರಾಜ್ಯದ ತೆರಿಗೆ, ಪರ್ಮಿಟ್ಟುಗಳೂ ಬೇಕಾಗುತ್ತವೆ. ಊಟಿಗೆ 2024ರ ಮೇ ತಿಂಗಳಿನಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಇ-ಪಾಸ್ ಜಾರಿಗೆ ಬಂದಿದೆ, ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧ 2009ರಿಂದಲೂ ಇದೆ. ಒಪ್ಪಿಗೆಯಿಲ್ಲದೆ ಗಡಿ ದಾಟಿದ ಕಾರಿಗೆ ಮಸಿನಗುಡಿಯ ದಾರಿಯಲ್ಲಿ ಪೆಟ್ಟಾದರೆ ಷರತ್ತು ಮುರಿದಿದ್ದೀರಿ ಎಂಬ ಮಾತಿಗೆ ನಮ್ಮಲ್ಲಿ ಉತ್ತರವಿರುವುದಿಲ್ಲ.

ಘಾಟಿಯ ವಿಷಯದಲ್ಲಿ ಮತ್ತೊಂದಿದೆ. ಏರಿನಲ್ಲಿ ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದೇ ಓಡಿಸಿ ಕ್ಲಚ್ ಪ್ಲೇಟು ಸುಟ್ಟರೆ ಅದು ಅಪಘಾತವಲ್ಲ, ಯಾಂತ್ರಿಕ ಕೆಡುಕು. ಅದಕ್ಕೆ ಮೋಟಾರು ಪಾಲಿಸಿಯೂ ಕೊಡದು, ಪ್ರವಾಸ ಪಾಲಿಸಿಯೂ ಕೊಡದು. ನೀರಿನ ಸಂಗತಿಯೂ ಇದರಂತೆಯೇ. 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥದಲ್ಲಿ ಕೆಲವೇ ದಿನಗಳ ಬಳಿಕ ರಾಮನಗರದ ಹತ್ತಿರ ಮಳೆನೀರು ನಿಂತದ್ದನ್ನು ಎಲ್ಲರೂ ಕಂಡಿದ್ದೇವೆ. ಅಂಥ ನೀರಿನಲ್ಲಿ ಕಾರು ನಿಂತುಹೋದಾಗ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರೆ ನೀರು ಎಂಜಿನ್ನಿನೊಳಗೆ ಸೇರಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ರಕ್ಷಣೆ ಎಂಬ ಹೆಚ್ಚುವರಿ ಕವರ್ ಇಲ್ಲದ ಪಾಲಿಸಿ ಆ ಖರ್ಚನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಕೀಲಿ ತಿರುಗಿಸದೆ ಕಾರನ್ನು ತಳ್ಳಿ ಅಥವಾ ಎಳೆಸಿ ಹೊರಗೆ ತನ್ನಿ. ಅದೇ ರಸ್ತೆಯ ಕ್ಯಾಮೆರಾಗಳು ಗಂಟೆಗೆ 100 ಕಿಲೋಮೀಟರ್ ಮೀರಿದವರಿಗೆ ದಂಡ ಹಾಕುತ್ತವೆ, ದಂಡವನ್ನು ಯಾವ ವಿಮೆಯೂ ಕಟ್ಟುವುದಿಲ್ಲ. ಠೇವಣಿಯಲ್ಲಿ ಅದನ್ನು ಮುರಿದುಕೊಂಡರೆ ಚಲನ್ನಿನ ಪ್ರತಿ ಕೇಳಿ ಪಡೆಯಿರಿ.

ವಿದೇಶದಲ್ಲಿ ಓಡಿಸುವವರಿಗೆ

ಅಮೆರಿಕದಲ್ಲಿರುವ ನೆಂಟರು “ನಮ್ಮ ಕಾರಿನ ಇನ್ಶೂರೆನ್ಸೇ ಸಾಕು, ಕೌಂಟರಿನಲ್ಲಿ ಏನೂ ತಗೋಬೇಡಿ” ಎಂದು ಹೇಳುವುದುಂಟು. ಅಲ್ಲಿ ಮನೆಯ ಕಾರಿನ ಪಾಲಿಸಿ ಅನೇಕ ಸಂದರ್ಭಗಳಲ್ಲಿ ಬಾಡಿಗೆ ಕಾರಿಗೂ ವಿಸ್ತರಿಸುತ್ತದೆ, ಹಲವು ಕ್ರೆಡಿಟ್ ಕಾರ್ಡುಗಳೂ ಬಾಡಿಗೆ ಕಾರಿನ ಹಾನಿಯನ್ನು ಭರಿಸುತ್ತವೆ; ಅವರ ಮಟ್ಟಿಗೆ ಮಾತು ಸರಿ. ಮೈಸೂರಿನಿಂದ ಹೋದವರಿಗೆ ಈ ಎರಡೂ ಇಲ್ಲ. ನಮ್ಮ ಬ್ಯಾಂಕಿನ ಕಾರ್ಡಿನಲ್ಲೂ ಹಾಗೆಯೇ ಇರುತ್ತದೆ ಎಂದು ಊಹಿಸಿಕೊಳ್ಳದೆ ಬ್ಯಾಂಕಿನಿಂದ ಬರಹದಲ್ಲಿ ಉತ್ತರ ಪಡೆಯಬೇಕು. ಅಲ್ಲಿನ ಕೌಂಟರಿನಲ್ಲಿ ಮಾರುವ ಸಿಡಿಡಬ್ಲ್ಯು ಅಥವಾ ಎಲ್‌ಡಿಡಬ್ಲ್ಯು ಎಂಬುದು ತಾಂತ್ರಿಕವಾಗಿ ವಿಮೆಯಲ್ಲ, ಹಾನಿಯ ಹಣವನ್ನು ನಿಮ್ಮಿಂದ ಕೇಳುವುದಿಲ್ಲ ಎಂದು ಬಾಡಿಗೆ ಕಂಪನಿ ಬರೆದುಕೊಡುವ ಮಾತು. ಭಾರತದಿಂದ ಮೊದಲ ಸಲ ಹೋಗಿ ಎಡಗಡೆಯ ಸ್ಟಿಯರಿಂಗಿನ ಕಾರನ್ನು ರಸ್ತೆಯ ಬಲಬದಿಯಲ್ಲಿ ಓಡಿಸುವವರಿಗೆ ನಾನು ಅದನ್ನು ದುಬಾರಿಯಾದರೂ ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ. ಬೇರೆಯವರಿಗೆ ಮಾಡಿದ ಹಾನಿಯ ಹೊಣೆಯ ವಿಮೆ ಇದರಲ್ಲಿ ಸೇರುವುದಿಲ್ಲ, ಅದನ್ನು ಪ್ರತ್ಯೇಕವಾಗಿ ಕೇಳಬೇಕು. ಕ್ಯಾಲಿಫೋರ್ನಿಯಾದ ಕಾನೂನು ಕೇಳುವ ಕನಿಷ್ಠ ಹೊಣೆ ವಿಮೆ 2025ರ ಜನವರಿಯಿಂದ ಒಬ್ಬ ಗಾಯಾಳುವಿಗೆ 30,000 ಡಾಲರ್; ಅಲ್ಲಿನ ಆಸ್ಪತ್ರೆಯ ಬಿಲ್ಲುಗಳನ್ನು ಕಂಡವರಿಗೆ ಅದು ಎಷ್ಟು ಸಣ್ಣ ಮೊತ್ತವೆಂದು ಗೊತ್ತಾಗುತ್ತದೆ.

ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಬಾಡಿಗೆಯಲ್ಲೇ ವಿಮೆ ಸೇರಿರುತ್ತದೆ, ಆದರೆ ಎಕ್ಸೆಸ್ ಸಾವಿರಾರು ಡಾಲರ್ ಇರುತ್ತದೆ. ಪ್ರವಾಸ ವಿಮೆಯ ಎಕ್ಸೆಸ್ ವಿಭಾಗ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ದೇಶಗಳಲ್ಲಿ. ಅಲ್ಲಿ ಡಾಂಬರಿಲ್ಲದ ರಸ್ತೆಗೆ ಇಳಿಯಬಾರದು ಎಂಬ ಷರತ್ತು ಸಾಮಾನ್ಯ. ನ್ಯೂಜಿಲೆಂಡಿನ ನೈಂಟಿ ಮೈಲ್ ಬೀಚಿನ ಮರಳಿನ ಮೇಲೂ ಕ್ವೀನ್ಸ್‌ಟೌನ್ ಬಳಿಯ ಸ್ಕಿಪ್ಪರ್ಸ್ ರಸ್ತೆಯಲ್ಲೂ ಬಾಡಿಗೆ ಕಾರು ಒಯ್ದರೆ ವಿಮೆ ಇಲ್ಲದಂತೆಯೇ ಸರಿ. ಐಸ್‌ಲೆಂಡಿನಲ್ಲಿ ಜಲ್ಲಿಕಲ್ಲು ಸಿಡಿದಾಗಿನ ಹಾನಿಗೆ, ಮರಳು ಮತ್ತು ಬೂದಿ ಗಾಳಿಯ ಹಾನಿಗೆ ಬೇರೆ ಬೇರೆ ಕವರುಗಳನ್ನು ಮಾರುತ್ತಾರೆ. ಎಲ್ಲ ದೇಶಗಳಲ್ಲೂ ಟೈರು, ಮುಂದಿನ ಗಾಜು, ಕಾರಿನ ತಳಭಾಗ, ಛಾವಣಿ, ಕಳೆದುಹೋದ ಕೀಲಿ, ತಪ್ಪು ಇಂಧನ ತುಂಬಿಸಿದ್ದು ಇವು ಕವರಿನಿಂದ ಹೊರಗೆ ಉಳಿಯುವ ಸಾಧ್ಯತೆ ಹೆಚ್ಚು. ಇವುಗಳ ಹೆಸರನ್ನು ಹಿಡಿದೇ ಕೇಳಿ.

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ಟನ್ನು ಹೊರಡುವ ಮುನ್ನ ಪಡೆದಿರಬೇಕು. ನಮ್ಮ ಆರ್‌ಟಿಓ ಕಚೇರಿಯಲ್ಲಿ ನಮೂನೆ 4ಎ, ಪಾಸ್‌ಪೋರ್ಟ್ ಪ್ರತಿ, 1,000 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟರೆ ಒಂದು ವರ್ಷದ ಅವಧಿಗೆ ಸಿಗುತ್ತದೆ. ಪರ್ಮಿಟ್ಟು ಬೇಕಾದ ದೇಶದಲ್ಲಿ ಅದಿಲ್ಲದೆ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದಂತೆ ಎಂದು ಪರಿಗಣಿಸಿ ಕ್ಲೇಮನ್ನು ತಳ್ಳಿಹಾಕುತ್ತಾರೆ.

ಕಾರು ಕೈಗೆ ಬಂದಾಗ

ಕಾರನ್ನು ಮನೆಯ ಹತ್ತಿರ ತಂದುಕೊಡುವವರು ಅವಸರದಲ್ಲಿರುತ್ತಾರೆ. ಹತ್ತು ನಿಮಿಷ ಅವರನ್ನು ನಿಲ್ಲಿಸಿಕೊಳ್ಳಿ. ಬೆಳಕಿರುವ ಜಾಗದಲ್ಲಿ ಕಾರು ನಿಲ್ಲಿಸಿ, ಮೊಬೈಲಿನಲ್ಲಿ ವಿಡಿಯೊ ಆರಂಭಿಸಿ, ಮೊದಲು ನಂಬರ್ ಪ್ಲೇಟು, ನಂತರ ಓಡೋಮೀಟರ್ ಮತ್ತು ಇಂಧನದ ಮುಳ್ಳು ತೋರಿಸಿ, ಆಮೇಲೆ ಪ್ರದಕ್ಷಿಣೆ ಬಂದ ಹಾಗೆ ನಿಧಾನವಾಗಿ ಸುತ್ತಬೇಕು. ಬಂಪರಿನ ಕೆಳತುದಿಯನ್ನು ಮಂಡಿಯೂರಿ ನೋಡಿ. ನಮ್ಮ ರಸ್ತೆ ಹಂಪುಗಳು ಉಜ್ಜಿದ ಗುರುತೆಲ್ಲ ಅಲ್ಲೇ ಇರುತ್ತದೆ, ನಿಂತು ನೋಡುವವರಿಗೆ ಕಾಣುವುದೇ ಇಲ್ಲ. ಮುಂದಿನ ಗಾಜನ್ನು ಓರೆಯಾಗಿ ನೋಡಿದರೆ ಅಕ್ಕಿಕಾಳಿನಷ್ಟು ಚಿಕ್ಕ ಚಿಪ್ಪು ಎದ್ದಿರುವುದೂ ತಿಳಿಯುತ್ತದೆ. ಸ್ಟೆಪ್ನಿ, ಜ್ಯಾಕು ಇವೆಯೇ ಎಂದು ಡಿಕ್ಕಿ ತೆರೆದು ನೋಡಿ. ಕಂಡ ಗುರುತುಗಳನ್ನೆಲ್ಲ ಕರಾರಿನ ಹಾಳೆಯಲ್ಲೇ ಬರೆಸಿ, ತಂದವರ ಸಹಿ ಪಡೆದು, ವಿಡಿಯೊವನ್ನು ಅಲ್ಲಿಯೇ ಅವರ ವಾಟ್ಸಾಪಿಗೆ ಕಳುಹಿಸಿ. ಹಾಗೆ ಕಳುಹಿಸಿದರೆ ದಿನಾಂಕ ಮತ್ತು ಸಮಯ ಇಬ್ಬರ ಬಳಿಯೂ ದಾಖಲಾಗುತ್ತದೆ. ಹಿಂದಿರುಗಿಸುವ ದಿನವೂ ಇದನ್ನೇ ಮಾಡಿ.

ಪೆಟ್ಟಾದಾಗ

ಯಾರಿಗಾದರೂ ಗಾಯವಾಗಿದ್ದರೆ ಉಳಿದದ್ದನ್ನೆಲ್ಲ ಬಿಟ್ಟು 112ಕ್ಕೆ ಕರೆ ಮಾಡಿ. ಗಾಯವಿಲ್ಲದಿದ್ದರೆ ಕಾರುಗಳನ್ನು ಸರಿಸುವ ಮೊದಲು, ರಸ್ತೆ ಸುರಕ್ಷಿತವಾಗಿದ್ದರೆ, ಎರಡೂ ವಾಹನಗಳ ನಂಬರು ಕಾಣುವಂತೆ ಚಿತ್ರ ತೆಗೆದುಕೊಳ್ಳಬೇಕು. ನಮ್ಮ ಕಡೆ ಜನ ಸೇರಿ “ಇಲ್ಲೇ ಮುಗಿಸ್ಕೊಳಿ, ಸ್ಟೇಷನ್ನು ಗಿಸ್ಟೇಷನ್ನು ಯಾಕೆ” ಎಂದು ರಾಜಿಗೆ ಒತ್ತಾಯಿಸುವುದು ಸಾಮಾನ್ಯ. ಅದು ಒಳ್ಳೆಯ ಮನಸ್ಸಿನ ಮಾತೇ ಇರಬಹುದು, ಆದರೆ ವಿಮಾ ಕಂಪನಿಯ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಳ್ಳುವುದನ್ನೂ ಹಣದ ಮಾತು ಕೊಡುವುದನ್ನೂ ಮೋಟಾರು ಪಾಲಿಸಿಗಳು ನಿಷೇಧಿಸುತ್ತವೆ. ಅಳಿಯ ಆ ಟ್ರ್ಯಾಕ್ಟರಿನ ನಂಬರನ್ನು ಬರೆದುಕೊಂಡಿದ್ದರೆ ನಮಗೆ ಒಂದು ದಾರಿ ಉಳಿಯುತ್ತಿತ್ತು. ಹತ್ತಿರದ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕಾರು ಕಳುವಾದಾಗ ಅಥವಾ ಇನ್ನೊಬ್ಬರಿಗೆ ಗಾಯವಾದಾಗ ಎಫ್‌ಐಆರ್ ಬೇಕೇ ಬೇಕು. ದುಬೈಯಲ್ಲಂತೂ ಪೊಲೀಸ್ ವರದಿಯಿಲ್ಲದೆ ಗ್ಯಾರೇಜಿನವರು ಸಣ್ಣ ಡೆಂಟನ್ನೂ ಮುಟ್ಟುವಂತಿಲ್ಲ.

ಬಾಡಿಗೆಯವರಿಗೂ ಪ್ರವಾಸ ವಿಮಾ ಕಂಪನಿಗೂ ಅದೇ ದಿನ ಬರಹದಲ್ಲಿ ತಿಳಿಸಿ. ಹಾನಿಯನ್ನು ಅಂದಾಜು ಮಾಡುವ ಮೋಟಾರು ವಿಮೆಯ ಸರ್ವೇಯರ್ ನೋಡುವ ಮೊದಲು ರಿಪೇರಿ ಮಾಡಿಸಲು ಒಪ್ಪಬೇಡಿ, ನೀವಾಗಿ ಪರಿಚಯದ ಗ್ಯಾರೇಜಿನಲ್ಲಿ ಪೇಂಟಿಂಗ್ ಮಾಡಿಸಿ ಮರೆಮಾಚಲೂ ಹೋಗಬೇಡಿ. ನಂತರ ಬಾಡಿಗೆಯವರಿಂದ ಪಡೆಯಬೇಕಾದವು: ಜಿಎಸ್‌ಟಿ ನಂಬರಿರುವ ರಿಪೇರಿ ಬಿಲ್ಲು, ಮೋಟಾರು ಕ್ಲೇಮು ಹಾಕಿದ್ದರೆ ಅದರ ನಂಬರು ಮತ್ತು ಕಂಪನಿ ಕೊಟ್ಟ ಮೊತ್ತ, ನಿಮ್ಮಿಂದ ಪಡೆದ ಹಣದ ರಸೀತಿ. ರಿಪೇರಿಯ ದಿನಗಳಲ್ಲಿ ಕಾರು ಬಾಡಿಗೆಗೆ ಹೋಗದ ನಷ್ಟ ಎಂದು ಬೇರೆ ಹಣ ಕೇಳುತ್ತಾರೆ. ಅದನ್ನು ಪ್ರತ್ಯೇಕ ಸಾಲಾಗಿ ಬರೆಸಿಕೊಳ್ಳಿ, ಏಕೆಂದರೆ ಅದಕ್ಕೆ ಹಣ ಕೊಡುವ ಪಾಲಿಸಿಗಳೂ ಇವೆ, ಕೊಡದವೂ ಇವೆ.

ತಿರಸ್ಕಾರವಾದರೆ

ಭಾರತದ ವಿಮಾ ಕಂಪನಿ ಕ್ಲೇಮನ್ನು ತಿರಸ್ಕರಿಸಿದರೆ ಕಾರಣವನ್ನು ಪಾಲಿಸಿಯ ಯಾವ ಷರತ್ತಿನ ಅಡಿಯಲ್ಲಿ ಎಂದು ಬರಹದಲ್ಲಿ ಕೇಳಿ, ಅದರ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲಿನಲ್ಲೂ 155255 ಸಂಖ್ಯೆಯಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳಾದರೂ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ವಿವಾದವನ್ನು ಅವರು ನೋಡುತ್ತಾರೆ. ಹೊರದೇಶದಲ್ಲಿ ಕೊಂಡ ಪಾಲಿಸಿಗೆ ಆ ದೇಶದ ವ್ಯವಸ್ಥೆಯೇ ದಾರಿ. ಆಸ್ಟ್ರೇಲಿಯದಲ್ಲಿ ಹಣಕಾಸಿನ ದೂರುಗಳನ್ನು ನೋಡುವ ಎಎಫ್‌ಸಿಎ ಎಂಬ ಪ್ರಾಧಿಕಾರವಿದೆ.

ಜಗಳ ಬಾಡಿಗೆಯವರ ಜೊತೆಗಾದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ, ಮೈಸೂರಿನಲ್ಲೋ ಮಂಡ್ಯದಲ್ಲೋ, ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ನಾವು ಅಲ್ಲಿಯವರೆಗೆ ಹೋಗಬೇಕಾಗಿ ಬರಲಿಲ್ಲ. ರಿಪೇರಿಯ ಬಿಲ್ಲು ಕೊಡಿ, ಇಲ್ಲವಾದರೆ ಆಯೋಗಕ್ಕೆ ಹೋಗುತ್ತೇವೆ ಎಂದು ಒಂದು ಪುಟದ ನೋಟಿಸನ್ನು ಅಕ್ಕನ ಕೈಯಲ್ಲಿ ಸಹಿ ಮಾಡಿಸಿ, ಠೇವಣಿ ಅವಳ ಖಾತೆಯಿಂದಲೇ ಹೋಗಿದ್ದರಿಂದ, ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದೆ. ಮೂರು ವಾರದ ಬಳಿಕ ಬಂದ ಗ್ಯಾರೇಜಿನ ಬಿಲ್ಲಿನಲ್ಲಿ ಎರಡು ಬಾಗಿಲಿನ ಪೇಂಟಿಂಗ್ ಮತ್ತು ಕನ್ನಡಿಯ ಕವಚ ಸೇರಿ 7,400 ರೂಪಾಯಿ ಇತ್ತು. ಉಳಿದ 10,600 ರೂಪಾಯಿ ಅದೇ ದಿನ ಅಕ್ಕನ ಖಾತೆಗೆ ಬಂತು.